ಗೋಡೆಯಿಂದ ಇಳಿದ ರೇಡಿಯೇಟರ್

ಸೋಮವಾರಪೇಟೆ ಇನ್ನೂ ಮಂಜಿನ ಮುಸುಕು ತೆಗೆದಿಲ್ಲ. ಬಸ್ ನಿಲ್ದಾಣದ ಹಿಂದಿನ ತಗಡು ಮಾಡಿನ ಶೆಡ್ಡಿನಲ್ಲಿ ಚನ್ನಮಲ್ಲಪ್ಪ ಮೊಣಕೈವರೆಗೆ ತಣ್ಣೀರಿಗೆ ಕೈ ಇಳಿಸಿ ಕೂತಿದ್ದಾರೆ. ಕಲ್ಲಿನ ಬಾನಿಯಲ್ಲಿ ಒಂದು ರೇಡಿಯೇಟರ್ ಮುಳುಗಿದೆ. ಅದರ ಒಂದು ಬಾಯಿಗೆ ಬಿರಡೆ, ಇನ್ನೊಂದಕ್ಕೆ ರಬ್ಬರ್ ಕೊಳವೆ. ಕೊಳವೆಗೆ ಬಾಯಿಟ್ಟು ಊದುತ್ತಾರೆ, ನೀರನ್ನು ದಿಟ್ಟಿಸುತ್ತಾರೆ. ಗುಳ್ಳೆ ಎದ್ದರೆ ಅಲ್ಲಿ ಬೆಸುಗೆ ಬಿಟ್ಟಿದೆ ಎಂದರ್ಥ. ಬೇರೆ ದಿನವಾದರೆ ಮೂರು ಸಲ ಊದಿ ಎತ್ತಿಬಿಡುವವರು ಇವತ್ತು ಏಳೆಂಟು ಸಲ ಊದಿದ್ದಾರೆ. ಒಂದು ಗುಳ್ಳೆಯೂ ಇಲ್ಲ. ಎದ್ದಿದ್ದರೆ ಇನ್ನೊಂದು ದಿನ ಇಟ್ಟುಕೊಳ್ಳಬಹುದಿತ್ತು ಎಂಬ ಆಸೆ ಅವರ ಮುಖದಲ್ಲೇ ಕಾಣುತ್ತದೆ.

ಹಿಂದಿನ ಮಣ್ಣುಗೋಡೆಯಲ್ಲಿ ಒಂದು ದಪ್ಪ ಮೊಳೆ ಖಾಲಿ ನಿಂತಿದೆ. ಅದರ ಕೆಳಗೆ ಹೊಗೆ ತಾಗದ ಚೌಕವೊಂದು ಬೆಳ್ಳಗೆ ಉಳಿದಿದೆ. ಐದು ವರ್ಷ ಅಲ್ಲಿ ತೂಗಿದ್ದ ಹಳೇ ಬಸ್ಸಿನ ರೇಡಿಯೇಟರೇ ಈಗ ಬಾನಿಯಲ್ಲಿರುವುದು. ಇನ್ನು ಸ್ವಲ್ಪ ಹೊತ್ತಿಗೆ ಅದು ಶಾಂತಳ್ಳಿ ಕಡೆಯ ಕಾಫಿ ಪ್ಲಾಂಟರ್ ಕುಟ್ಟಪ್ಪನವರ ಕಾರಿನಲ್ಲಿ ಕೂತು ಹೊರಟುಹೋಗುತ್ತದೆ. ಕೊಟ್ಟದ್ದಕ್ಕೆ ಪಶ್ಚಾತ್ತಾಪವಿಲ್ಲ, ಸಂಕಟವಿದೆ ಎನ್ನುತ್ತಾರೆ ಚನ್ನಮಲ್ಲಪ್ಪ.

ಅವರಿಗೀಗ ನಲವತ್ತೇಳು. ಬಸ್ಸಿನಲ್ಲಿ ಕ್ಲೀನರ್ ಆಗಿದ್ದಾಗಲೇ ಕಲಾಯಿಯವನೊಬ್ಬನ ಹಿಂದೆ ಬಿದ್ದು ಬೆಸುಗೆ ಕಲಿತವರು. ಕೊಡಗಿನ ಏರುದಾರಿಯಲ್ಲಿ ರೇಡಿಯೇಟರ್ ಸರಿಯಿಲ್ಲದ ಗಾಡಿ ಮಾರ್ಗದ ಬದಿಯಲ್ಲಿ ಹೊಗೆಯಾಡುತ್ತ ನಿಲ್ಲುವುದೇ ಸೈ. ವಾರಕ್ಕೆ ನಾಲ್ಕೈದು ರೇಡಿಯೇಟರ್ ಇವರ ಕೈ ದಾಟಿ ಹೋಗುತ್ತವೆ. ಕಾಫಿ ಪಿಕಿಂಗ್ ಶುರುವಾದರೆ ಹತ್ತಕ್ಕೇರುತ್ತದೆ. ಬಾನಿ ತುಂಬಿಸಲು ದಿನಾ ಬೆಳಿಗ್ಗೆ ಬಾವಿಯಿಂದ ಹದಿನೆಂಟು ಕೊಡ ಹೊರುತ್ತಾರೆ. ಗಡಿಯಾಚೆಯ ಮೈಸೂರು ರಾಜ್ಯದ ಲಾರಿಗಳೂ ಇಲ್ಲಿಗೇ ಬರುತ್ತವೆ. ಕೊಡಗನ್ನು ಮೈಸೂರಿಗೆ ಸೇರಿಸಬೇಕೋ ಬೇಡವೋ ಎಂದು ಊರೆಲ್ಲ ಜಗಳವಾಡುತ್ತಿದ್ದರೆ, ಇವರ ಶೆಡ್ಡಿನಲ್ಲಿ ಎರಡೂ ಕಡೆಯ ರೇಡಿಯೇಟರ್‌ಗಳು ಒಂದೇ ಬಾನಿಯಲ್ಲಿ ಮುಳುಗಿ ಏಳುತ್ತಿವೆ.

ಕುಟ್ಟಪ್ಪನವರ ಕಾರು ಮಾತ್ರ ಬೇರೆಯದೇ ಜಾತಿ. ಎರಡೇ ಸೀಟು, ಉದ್ದ ಮೂಗು, ಮಡಚುವ ಬಟ್ಟೆಯ ಮಾಡು. ತಮ್ಮ ದೇಶಕ್ಕೆ ಹೊರಟ ಇಂಗ್ಲಿಷ್ ದೊರೆಯೊಬ್ಬರಿಂದ ಕೊಂಡದ್ದು. ಕಾರಿಗೆ ಇಪ್ಪತ್ತು ವರ್ಷ ದಾಟಿದ್ದರೂ ಕುಟ್ಟಪ್ಪ ಅದನ್ನು ಮದುವಣಗಿತ್ತಿಯಂತೆ ನೋಡಿಕೊಳ್ಳುತ್ತಾರೆ. ಅಂಥವರೇ ಮಳೆಗಾಲಕ್ಕೆ ಮುಂಚೆ ಒಂದು ದಿನ, ಎಸ್ಟೇಟಿನಲ್ಲಿ ಹತ್ತಿರ ಸಿಕ್ಕಿದ ಪೀಪಾಯಿಯಿಂದ ಎರಡು ತಂಬಿಗೆ ನೀರು ಮೊಗೆದು ರೇಡಿಯೇಟರ್‌ಗೆ ಸುರಿದರು. ಅದು ಕಾಫಿಗಿಡಕ್ಕೆ ಸಿಂಪಡಿಸಲು ಮೈಲುತುತ್ತು, ಸುಣ್ಣ ಕಲಸಿದ್ದ ಪೀಪಾಯಿ.

“ಮೇಲೆ ತಿಳಿನೀರು ನಿಂತಿತ್ತು ಮಲ್ಲಪ್ಪಣ್ಣ, ಕನ್ನಡಿ ಇದ್ದಂಗೆ,” ಎಂದು ಕುಟ್ಟಪ್ಪ ಈಗಲೂ ತಲೆ ಕೆರೆದುಕೊಳ್ಳುತ್ತಾರೆ. ಕೊಳೆರೋಗ ತಡೆಯುವ ಆ ಔಷಧಿ ಕಾಫಿಗೆ ಒಳ್ಳೆಯದೇ ಮಾಡಿತು, ಕಾರಿಗಲ್ಲ. ಸುಣ್ಣ ಕೊಳವೆಗಳಲ್ಲಿ ಕಲ್ಲುಗಟ್ಟಿತು. ಮೈಲುತುತ್ತು ಬೆಸುಗೆಯನ್ನು ತಿಂದು ಮೇಲಿನ ಟ್ಯಾಂಕನ್ನು ಹಪ್ಪಳದಷ್ಟು ತೆಳು ಮಾಡಿತು. ಪುಷ್ಯಮಾಸದ ಹೊತ್ತಿಗೆ ಕಾರು ಎರಡು ಮೈಲಿ ಹೋದರೆ ಕುದಿಯತೊಡಗಿತು.

ಬದಲಿಗೆ ಯಾವುದನ್ನು ಹಾಕುವುದು? ಮದ್ರಾಸಿಗೆ ಬರೆದದ್ದಕ್ಕೆ ಅಂಥದ್ದು ಈಗ ತಯಾರಾಗುವುದೇ ಇಲ್ಲವೆಂಬ ಉತ್ತರ ಬಂತು. ಉಳಿದದ್ದು ಎರಡು. ಒಂದು, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪಿನದು. ಇನ್ನೊಂದು ಗೋಡೆಯ ಮೇಲಿನದು. ಕುಟ್ಟಪ್ಪ ಅದರತ್ತ ಬೆರಳು ಮಾಡಿದಾಗ ಚನ್ನಮಲ್ಲಪ್ಪ ತಿರುಗಿಯೂ ನೋಡದೆ ಅದು ಕೊಡುವಂಥದ್ದಲ್ಲ ಎಂದರು. ಜೀಪಿನದನ್ನೇ ಅಳತೆಗೆ ಕತ್ತರಿಸಿ, ಕಾರಿನ ನಿಕಲ್ ಲೇಪದ ಮೂಗಿನೊಳಗೆ ಕೂರಿಸಿ ಕಳಿಸಿದರು.

ಕಾರು ಶಾಂತಳ್ಳಿ ಏರಿನ ಅರ್ಧಕ್ಕೆ ಹೋಗಿ ಕುದಿದು ನಿಂತಿತು. ಮಾರನೆಯ ದಿನ ಒಂದು ಜೊತೆ ಎತ್ತು ಅದನ್ನು ಎಳೆದುಕೊಂಡು ಬಂದವು. ಸಂತೆಯ ದಿನ ಬೇರೆ. ಪೇಟೆಯವರಿಗೆಲ್ಲ ಬಿಟ್ಟಿ ತಮಾಷೆ. ಸ್ಟೀರಿಂಗ್ ಹಿಡಿದು ಕೂತಿದ್ದ ಕುಟ್ಟಪ್ಪ ದಾರಿಯುದ್ದಕ್ಕೂ ಟೋಪಿ ಕೆಳಗೆಳೆದುಕೊಂಡೇ ಇದ್ದರಂತೆ.

“ಆ ಕಾರಿಗೆ ನೀರಿನ ಪಂಪಿಲ್ಲ. ಬಿಸಿ ನೀರು ತಾನೇ ಮೇಲೇಳ್ಬೇಕು, ತಣ್ಣಗಾಗಿ ತಾನೇ ಇಳೀಬೇಕು. ಅದ್ಕೆ ಅಗಲದ ಕೊಳವೆ ಬೇಕು. ಜೀಪಿಂದು ಪಂಪಿರೋ ಗಾಡಿದು, ಸಣ್ಣ ಕೊಳವೆ. ನಂಗೆ ಗೊತ್ತಿತ್ತು,” ಎನ್ನುತ್ತಾರೆ ಚನ್ನಮಲ್ಲಪ್ಪ. “ಗೊತ್ತಿದ್ದೂ ಹಾಕ್ದೆ. ಬೆಸುಗೆ ಹಿಡಿದು ಇಪ್ಪತ್ತು ವರ್ಷ ಆಯ್ತು, ಅಂಥ ಕೆಲ್ಸ ಮಾಡಿದ್ದು ಅದೊಂದೇ ಸಲ.”

ಅಂಥ ಕೆಲಸ ಯಾಕೆ ಮಾಡಿದರೆಂದು ತಿಳಿಯಬೇಕಾದರೆ ಮಹಾದೇವಮ್ಮನ ವಿಷಯ ಕೇಳಬೇಕು. ಚನ್ನಮಲ್ಲಪ್ಪ ಕ್ಲೀನರ್ ಆಗಿದ್ದ ಬಸ್ಸು ಬೆಳಿಗ್ಗೆ ಆರಕ್ಕೆ ಮಡಿಕೇರಿಗೆ ಹೊರಡುತ್ತಿತ್ತು. ಬೆಣ್ಣೆ ಮಾರಲು ಹಳ್ಳಿಯಿಂದ ನಡೆದು ಬರುವ ಹುಡುಗಿಯೊಬ್ಬಳು ಚಳಿಗೆ ನಡುಗುತ್ತ, ಬಸ್ಸಿನ ಮುಂದೆ ನಿಂತು ರೇಡಿಯೇಟರ್‌ನ ಹಿತ್ತಾಳೆ ತಲೆಯ ಮೇಲೆ ಎರಡೂ ಅಂಗೈ ಇಡುತ್ತಿದ್ದಳು. ಅವಳಿಗಾಗಿ ಚನ್ನಮಲ್ಲಪ್ಪ ಅರ್ಧ ಗಂಟೆ ಮೊದಲೇ ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸತೊಡಗಿದರು. ಪೆಟ್ರೋಲೇನು ನಿಮ್ಮಪ್ಪನ ಮನೆಯದಾ ಎಂದು ಡ್ರೈವರ್ ರೇವಣ್ಣ ಗದರಿದರೆ, ಗಾಡಿ ಚೆನ್ನಾಗಿ ಕಾಯದಿದ್ದರೆ ಏರಿನಲ್ಲಿ ಕೈಕೊಡುತ್ತದೆ ಎಂದು ಸುಳ್ಳು ಹೇಳುತ್ತಿದ್ದರು. ಎರಡನೆಯ ಚಳಿಗಾಲಕ್ಕೆ ಮದುವೆಯಾಯಿತು. ಆಮೇಲೂ ಮಹಾದೇವಮ್ಮ ಹದಿನಾಲ್ಕು ವರ್ಷ, ಒಲೆಯ ಬೆಂಕಿ ಬಿಟ್ಟು, ಬಸ್ಸಿನ ಹತ್ತಿರ ಬಂದೇ ಕೈ ಕಾಯಿಸಿಕೊಳ್ಳುತ್ತಿದ್ದರು. ಹಿತ್ತಾಳೆಯ ಮೇಲೆ ಆ ಎರಡು ಜಾಗ ಸವೆದು ನುಣುಪಾಗಿತ್ತು.

ಆರು ವರ್ಷದ ಹಿಂದೆ ಅವರಿಗೆ ಚಳಿಜ್ವರ ಬಂತು. “ನಾಕು ಕಂಬಳಿ ಹೊದ್ಸಿದ್ರೂ ನಡುಕ. ಬಸ್ಸಿನ ಹತ್ರ ಕರ್ಕೊಂಡೋಗಿ ಅಂದ್ಲು. ನಾನು ಅವತ್ತು ರಜಾ ಹಾಕಿ ಅವಳ ಹತ್ರ ಕೂತಿದ್ದೆ, ಬಸ್ಸು ಮಡಿಕೇರಿಗೆ ಹೋಗಿತ್ತು. ಸಾಯಂಕಾಲ ಬಂತು. ಅಷ್ಟೊತ್ತಿಗೆ ಅವಳ ಚಳಿ ನಿಂತಿತ್ತು.” ಹೆಂಡತಿ ತೀರಿಕೊಂಡ ಮೇಲೆ ಚನ್ನಮಲ್ಲಪ್ಪ ಆ ಬಸ್ಸು ಹತ್ತಲಿಲ್ಲ. ಮರುವರ್ಷ ಅದನ್ನು ಗುಜರಿಗೆ ಹಾಕುವಾಗ ರೇಡಿಯೇಟರ್ ಕೇಳಿ ತಂದು ಗೋಡೆಗೆ ತೂಗುಹಾಕಿದರು.

ಎತ್ತುಗಳು ಕಾರನ್ನು ತಂದು ನಿಲ್ಲಿಸಿದ ಸಂಜೆ ಅವರೇ ಅದನ್ನು ಮೊಳೆಯಿಂದ ಇಳಿಸಿದರು. ಆ ಬಸ್ಸಿಗೂ ಪಂಪಿರಲಿಲ್ಲ. ಅಗಲದ ಕೊಳವೆ, ಎತ್ತರವೂ ಹೆಚ್ಚುಕಡಿಮೆ ಕಾರಿನಷ್ಟೇ. ಕೊಳವೆಗಳನ್ನಷ್ಟೇ ಕೊಟ್ಟು, ಮಹಾದೇವಮ್ಮ ಕೈಯಿಡುತ್ತಿದ್ದ ಮೇಲಿನ ಹಿತ್ತಾಳೆ ಟ್ಯಾಂಕನ್ನು ಉಳಿಸಿಕೊಳ್ಳೋಣವೆಂದು ನೋಡಿದರು. ಕಾರಿನ ಟ್ಯಾಂಕು ಬೆಸುಗೆಯ ಕಾವಿಗೇ ತೂತು ಬಿತ್ತು. ಒಂದು ದಿನವಿಡೀ ಕತ್ತರಿ ಮುಟ್ಟಲಿಲ್ಲ. ನಂತರ ಬಸ್ಸಿನ ಹಿತ್ತಾಳೆಯನ್ನೂ ಕತ್ತರಿಸಿದರು, ನುಣುಪಾದ ಎರಡು ಜಾಗ ಕೆಡದಂತೆ. ಅರವತ್ತೆಂಟು ಕೊಳವೆ, ಮೇಲೊಂದು ಕೆಳಗೊಂದು ಬೆಸುಗೆ, ನಾಲ್ಕು ದಿನದ ಕೆಲಸ. ನುಣುಪಾದ ಮೈ ಮೇಲಕ್ಕೆ ಬರುವಂತೆ ಕೂರಿಸಿದ್ದಾರೆ. ಹೊರಗಿನಿಂದ ನೋಡಿದವರಿಗೆ ನಿಕಲ್ ಮೂಗು ಮಾತ್ರ ಕಾಣುತ್ತದೆ. ಬಾನೆಟ್ ಎತ್ತಿದರಷ್ಟೇ ಆ ಹಿತ್ತಾಳೆ.

ಬಿಸಿಲು ಬರುವ ಮೊದಲೇ ಕುಟ್ಟಪ್ಪ ಬಂದಿದ್ದಾರೆ. ಚನ್ನಮಲ್ಲಪ್ಪ ರೇಡಿಯೇಟರ್ ಬೋಲ್ಟು ಬಿಗಿದು, ರಬ್ಬರ್ ಕೊಳವೆಗಳಿಗೆ ಪಟ್ಟಿ ಕಟ್ಟಿ, ಸೋಸಿದ ಮಳೆನೀರು ತುಂಬಿಸಿ ಎಂಜಿನ್ ಎಬ್ಬಿಸುತ್ತಾರೆ. ಎತ್ತಿದ ಬಾನೆಟ್ಟಿನಡಿ ಹಿತ್ತಾಳೆಯ ಮೇಲೆ ಎರಡೂ ಅಂಗೈ ಇಟ್ಟು ನಿಲ್ಲುತ್ತಾರೆ. ಕಾವು ಮೆಲ್ಲಗೆ ಏರುತ್ತದೆ. ಕೆಲಸಗಾರ ಕಾವು ನೋಡುತ್ತಿದ್ದಾನೆಂದು ಕುಟ್ಟಪ್ಪ ತಿಳಿದಿದ್ದಾರೆ; ಸುಡುವಷ್ಟಾದರೂ ಕೈ ತೆಗೆಯದ್ದು ಅವರ ಗಮನಕ್ಕೆ ಬಂದಿಲ್ಲ.

“ವರ್ಷಕ್ಕೊಂದ್ ಸಲ ನೀರು ಬದಲಾಯಿಸ್ಬೇಕು ಸಾವ್ಕಾರ್ರೆ. ಪುಷ್ಯಮಾಸದಲ್ಲಿ ತನ್ನಿ, ಬೆಳಗಿನ ಆರು ಗಂಟೆ ಒಳಗೆ,” ಎನ್ನುತ್ತಾರೆ ಚನ್ನಮಲ್ಲಪ್ಪ. ಪೀಪಾಯಿಯ ಪಾಠ ಕಲಿತ ಕುಟ್ಟಪ್ಪ ಜೇಬಿನ ಪುಸ್ತಕ ತೆಗೆದು ವಿಧೇಯರಾಗಿ ಬರೆದುಕೊಂಡು ಹೊರಡುತ್ತಾರೆ. ಕಾರು ಶಾಂತಳ್ಳಿ ಏರನ್ನು ಹತ್ತುವ ಸದ್ದು ಬಹಳ ಹೊತ್ತು ಕೇಳಿಸುತ್ತದೆ. ಎಲ್ಲೂ ನಿಲ್ಲುವುದಿಲ್ಲ.

ನೀರು ಬದಲಾಯಿಸಲು ಚಳಿ ಕೊರೆಯುವ ಪುಷ್ಯಮಾಸವೇ ಆಗಬೇಕೇ, ಅದೂ ಹಳೇ ಬಸ್ಸು ಹೊರಡುತ್ತಿದ್ದ ಆರು ಗಂಟೆಯೊಳಗೆ? ಚನ್ನಮಲ್ಲಪ್ಪ ಬಾನಿಯ ನೀರಿನಲ್ಲಿ ಕೈ ಅದ್ದುತ್ತಾರೆ. ಬೇಕಾಗಿಲ್ಲವೆಂದು ಕೊನೆಗೆ ಒಪ್ಪಿಕೊಳ್ಳುತ್ತಾರೆ. ಹಾಗಾದರೆ ಇದನ್ನು ನಮ್ಮ ಪತ್ರಿಕೆಯ ಪುರವಣಿಯಲ್ಲಿ ಬರೆಯುವುದು ಬೇಡವೇ, ಕುಟ್ಟಪ್ಪ ಓದಿಬಿಟ್ಟರೆ?

“ಬರೀರಿ,” ಎನ್ನುತ್ತಾರೆ. “ಓದಿದ್ ಮೇಲೂ ಬಂದ್ರೆ, ಅಷ್ಟು ಸಾಕು ನಂಗೆ.”