ಮಂಡಿನೋವಿಗೆ ಎರಡು ಅಂಕ

ಕೈಬರಹ ಚೆಂದ ಎಂದು ಶಾಲೆಯಲ್ಲಿ ಹೊಗಳಿಸಿಕೊಂಡವಳು ನಾನು. ಆ ಜಂಬವನ್ನು ಇನ್ನೊಬ್ಬರ ಮಂಡಿಯ ಮೇಲೆ ತೀರಿಸಿಕೊಂಡೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಕಾಫಿ ತೋಟದ ಹೆಂಗಸರ ಮಂಡಿನೋವಿನ ಬಗ್ಗೆ ಒಂದು ಅಧ್ಯಯನ ನಡೆಯುತ್ತಿತ್ತು. ನಾಪೋಕ್ಲು ಕಡೆಯ ಎಸ್ಟೇಟಿಗೆ ಬಸ್ಸಿನಲ್ಲಿ ಹೋಗಿ ಫಾರಂ ತುಂಬುವುದು ನನ್ನ ಕೆಲಸ. ನೋವಿಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಹತ್ತು. ಆರು ದಾಟಿದವರನ್ನು ಜೀಪಿನಲ್ಲಿ ಡಾಕ್ಟರ ಬಳಿಗೆ ಕರೆದೊಯ್ಯುತ್ತಿದ್ದರು. ವರ್ಷದ ಮೇಲೆ ಮತ್ತೆ ಅದೇ ಪ್ರಶ್ನೆ ಕೇಳಿ, ಎರಡೂ ಅಂಕಗಳನ್ನು ಹೋಲಿಸುವುದು.

ಕೆಲಸದವರ ಲೈನು ಮನೆಗಳಿಗೇ ಹೋಗಿ, ಒಬ್ಬೊಬ್ಬರನ್ನೇ ಕೂರಿಸಿ ಕೇಳಬೇಕೆಂದು ನಮಗೆ ಹೇಳಿಕೊಟ್ಟಿದ್ದರು. ನನಗೆ ಬಸ್ಸಿನ ಅವಸರ. ಸಂಜೆ ಕಾಫಿ ಹಣ್ಣು ತೂಗುವ ಕಣದಲ್ಲಿ ಎಲ್ಲರೂ ಒಟ್ಟಿಗೆ ಸಿಗುತ್ತಾರಲ್ಲ ಎಂದು ಅಲ್ಲೇ ಫಾರಂ ಬಿಚ್ಚಿದೆ. ತಕ್ಕಡಿಯ ಪಕ್ಕ ತೋಟದ ರೈಟರ್ ನಿಂತಿದ್ದರು. ಯಾರಿಗೆ ಕೆಲಸ, ಯಾರಿಗೆ ಲೈನಿನಲ್ಲಿ ಮನೆ ಎಂದು ಸಾಹುಕಾರರಿಗೆ ಹೇಳುವವರು ಅವರೇ. ಅವರೆದುರು ಯಾರು ತಾನೇ ಮಂಡಿ ಹೋಗಿದೆ ಎಂದಾರು? ಅಷ್ಟು ಬುದ್ಧಿ ನನಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ವಯಸ್ಸಾದ ಅಕ್ಕ ಒಬ್ಬರು ಕಾಫಿ ಗಿಡಗಳನ್ನು ಹಿಡಿದು ಹಿಡಿದು, ಅಡ್ಡಡ್ಡ ಹೆಜ್ಜೆಯಿಡುತ್ತಾ ಇಳಿಜಾರು ಇಳಿದು ಬಂದರು. ಒಮ್ಮೆ ರೈಟರ್ ಕಡೆ ನೋಡಿ, "ಎರಡು ಬರ್ಕಳಿ ಮೇಡಂ" ಎಂದರು. ಬರೆದುಕೊಂಡೆ.

ನಾನು ಗೇಟು ದಾಟುವಷ್ಟರಲ್ಲಿ ಅವರು ಕುಂಟುತ್ತಾ ಹಿಂದೆಯೇ ಬಂದರು.

"ಮೇಡಂ, ಆ ಎರಡನ್ನ ಎಂಟು ಮಾಡಕಾಯ್ತದಾ? ರೈಟ್ರು ನಿಂತಿದ್ರಲ್ಲ, ಅದ್ಕೇ ಹಂಗಂದೆ."

"ಒಂದ್ಸಲ ಬರೆದಿದ್ನ ತಿದ್ದೋ ಹಂಗಿಲ್ಲ ಅಕ್ಕಾ. ರೂಲ್ಸು."

ಅಂಥ ರೂಲ್ಸು ಇರಲೇ ಇಲ್ಲ. ಹಳೆಯ ಅಂಕ ಹೊಡೆದು, ಹೊಸದು ಬರೆದು, ಕಾರಣ ಕೊಟ್ಟು ಸಹಿ ಹಾಕಿದ್ದರೆ ಸಾಕಿತ್ತು. ಆದರೆ ಕಾರಣ ಬರೆದರೆ ನಾನು ಕಣದಲ್ಲೇ ಕೇಳಿದ್ದು ಹೊರಬೀಳುತ್ತಿತ್ತು. ಜೊತೆಗೆ, ನನ್ನ ಫಾರಂಗಳಲ್ಲಿ ಒಂದೂ ಚಿತ್ತುಕಾಟಿಲ್ಲ ಎಂದು ಮೀಟಿಂಗಿನಲ್ಲಿ ಎಲ್ಲರೆದುರು ಹೊಗಳುತ್ತಿದ್ದರು. ಅಷ್ಟರಲ್ಲಿ ಬಸ್ಸೂ ಬಂತು. "ಹೋಗ್ಲಿ ಬಿಡಿ, ಹತ್ಕಳಿ" ಎಂದು ಅಕ್ಕನೇ ನನ್ನ ಚೀಲ ಎತ್ತಿಕೊಟ್ಟರು.

ವರ್ಷ ಕಳೆದು ಎರಡನೇ ಸುತ್ತಿಗೆ ಹೋದಾಗ ಮಾತ್ರ ನಾನು ಬಹಳ ಶಿಸ್ತಿನವಳು. ಲೈನಿಗೇ ಹೋದೆ. ಅಕ್ಕ ಹಣ್ಣು ಕೀಳುವ ಕೆಲಸ ಬಿಟ್ಟು ಬಾಗಿಲಲ್ಲಿ ಕೂತಿದ್ದರು. ಏಳಬೇಕೆಂದರೆ ಗೋಡೆ ಹಿಡಿಯಬೇಕು, ಇನ್ನೊಂದು ಕಡೆ ಸೊಸೆಯೂ ಬೇಕು.

"ಈಗ ಎಷ್ಟು ಅಕ್ಕಾ?"

"ಎರಡೇ ಇರ್ಲಿ ಮೇಡಂ. ತಿದ್ದೋ ಹಂಗಿಲ್ವಲ್ಲ, ನಿಮಗ್ಯಾಕೆ ತೊಂದ್ರೆ."

ಚುಚ್ಚಿ ಹೇಳಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದರು. ನಾನು ಒಂಬತ್ತು ಎಂದು ಬರೆದೆ. ಎರಡನೇ ಸುತ್ತಿಗೆ ಜೀಪು ಇರಲಿಲ್ಲ. ಆ ಸುತ್ತು ಹೋಲಿಸಿ ನೋಡುವುದಕ್ಕೆ ಮಾತ್ರ.