ರಾಧಾಮಣಿಗೆ ವಾಸನೆ ಮರಳಿದಾಗ

ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿ, ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯೊಂದರಲ್ಲಿ ರಾಧಾಮಣಿ ಮತ್ತು ಅವಳ ತಾಯಿ ಪೆದ್ದಮ್ಮ ಇಬ್ಬರೇ ಇದ್ದರು. ರಾಧಾಮಣಿ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ಆಫೀಸೊಂದರಲ್ಲಿ ನೆಲ ಒರೆಸಿ, ಸಂಜೆ ಮರಳುತ್ತಿದ್ದಳು. ಅವಳ ಮೂಗಿನ ಎರಡೂ ಹೊಳ್ಳೆಗಳಲ್ಲಿ ದುರ್ಮಾಂಸ ಬೆಳೆದು ಬಾಯಲ್ಲೇ ಉಸಿರಾಡಬೇಕಿತ್ತು. ಹಣೆಯಲ್ಲಿ ಸದಾ ಭಾರ. ಮಲಗಿದರೆ ಉಬ್ಬಸ, ಗೋಡೆಗೊರಗಿ ಕೂತೇ ನಿದ್ದೆ. ವಾಸನೆಯಂತೂ ಹೋಗಿ ವರ್ಷಗಳಾಗಿದ್ದವು. ಒಲೆಯ ಮೇಲೆ ಏನಿಟ್ಟರೂ "ಸೀದೋಯ್ತಾ ನೋಡಮ್ಮಾ" ಎಂದು ಅಮ್ಮನನ್ನೇ ಕರೆಯುತ್ತಿದ್ದಳು.

ಕೋಲಾರದ ಆಸ್ಪತ್ರೆಯೊಂದರಲ್ಲಿ ಆಪರೇಷನ್‌ಗೆ ದಿನ ಗೊತ್ತಾಯಿತು. ತಪ್ಪಿಸಿಕೊಂಡರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಆಗಲೇ ಪೆದ್ದಮ್ಮನ ಪಾದಕ್ಕೆ ಬಟ್ಟೆ ಸುತ್ತಿದ್ದು ಅವಳ ಕಣ್ಣಿಗೆ ಬಿತ್ತು. ಪೆದ್ದಮ್ಮನಿಗೆ ಸಕ್ಕರೆ ಕಾಯಿಲೆ.

"ಏನಮ್ಮಾ ಇದು? ತೋರ್ಸು."

"ಚಪ್ಲಿ ಕಚ್ಚಿದೆ ಅಷ್ಟೇ. ಅರಿಶಿನ ಅಚ್ಚಿದೀನಿ. ನೀನು ಮೊದ್ಲು ಓಗಿ ಮೂಗು ಸರಿ ಮಾಡ್ಕೊಂಡು ಬಾ."

ರಾಧಾಮಣಿ ನಂಬಿದಳು. ಪಕ್ಕದ ಮನೆಯ ಸೆಲ್ವಿ ಈಗೀಗ ಒಳಗೆ ಬರದೆ ಹೊಸಿಲಾಚೆಯೇ ನಿಂತು ಮಾತಾಡಿ ಹೋಗುತ್ತಿದ್ದಳು. ತನ್ನ ಸುರಿಯುವ ಮೂಗು ಕಂಡು ಅಸಹ್ಯಪಟ್ಟಿರಬೇಕೆಂದು ರಾಧಾಮಣಿ ನೊಂದುಕೊಂಡಳು, ಕೇಳಲಿಲ್ಲ.

ಆಪರೇಷನ್ ಆಯಿತು. ಮನೆಗೆ ಬಂದ ಮೇಲೂ ಮೂಗಿನೊಳಗೆ ಊತ, ಹೆಪ್ಪು. ಹೇಳಿಕೊಟ್ಟಂತೆ ಉಪ್ಪುನೀರಿನಲ್ಲಿ ತೊಳೆಯುತ್ತಿದ್ದಳು. ಒಂದು ಬೆಳಿಗ್ಗೆ ತೊಳೆದು ತಲೆಯೆತ್ತಿದಾಗ ಗಾಳಿ ತಣ್ಣಗೆ ಒಳಗಿಳಿಯಿತು.

"ಅಮ್ಮಾ, ಉಸ್ರು ಬಂತು!" ಎನ್ನುತ್ತ ಒಳಗೆ ಓಡಿದಳು. ಉಸಿರಿನ ಹಿಂದೆಯೇ ವಾಸನೆಯೂ ಬಂತು. ಇಲಿ ಸತ್ತಿದೆಯೆಂದು ಮಂಚದ ಕೆಳಗೆ ಬಗ್ಗಿದಳು. ಅಲ್ಲೇನೂ ಇರಲಿಲ್ಲ. ಅಮ್ಮನ ಕಾಲು ಅವಳ ಮುಖದ ಹತ್ತಿರವೇ ಇತ್ತು.

ಬಟ್ಟೆ ಬಿಚ್ಚಿದರೆ ಬೆರಳುಗಳು ಕಪ್ಪಾಗಿದ್ದವು.

"ನಂಗ್ಯಾಕೆ ಏಳ್ಲಿಲ್ಲ?"

ಪೆದ್ದಮ್ಮ ಸೆರಗು ಎಳೆದು ಕಾಲು ಮುಚ್ಚಿಕೊಂಡಳು. "ಏಳಿದ್ರೆ ಆಪರೇಸನ್ ಬಿಟ್ಟು ನನ್ ಇಂದೆ ಓಡಾಡ್ತಿದ್ದೆ. ನೋವೇ ಇರ್ಲಿಲ್ಲ ಕಣಮ್ಮಾ. ನಿಂಗೆ ವಾಸ್ನೆ ಬರಲ್ವಲ್ಲ, ಗೊತ್ತಾಗಲ್ಲ ಅಂದ್ಕೊಂಡೆ."

ಸೆಲ್ವಿ ಓಡಿಹೋಗಿ ಆಟೋ ತಂದಳು. "ನಿಂಗೆ ಗೊತ್ತದೆ ಅಂದ್ಕೊಂಡಿದ್ನಲ್ಲ ಅಕ್ಕಾ" ಎಂದು ದಾರಿಯುದ್ದಕ್ಕೂ ಅತ್ತಳು. ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ಕತ್ತರಿಸಿದರು. ಅಷ್ಟರಲ್ಲಿ ನಂಜು ರಕ್ತಕ್ಕೇರಿತ್ತು. ಪೆದ್ದಮ್ಮ ಮನೆಗೆ ಮರಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ರಾಧಾಮಣಿ ಅಮ್ಮನ ಸೀರೆಗಳನ್ನು ಹುಡುಕಿದಳು. ಅಮ್ಮನ ಮೈವಾಸನೆ ಹೇಗಿತ್ತೆಂಬುದೇ ಅವಳಿಗೆ ಮರೆತುಹೋಗಿತ್ತು. ಈಗ ಮೂಗು ಬಂದಿದೆ, ಒಮ್ಮೆ ಮೂಸಿ ನೋಡಬಹುದು. ಆದರೆ ಮನೆಯಲ್ಲಿ ಆ ಕೆಟ್ಟ ವಾಸನೆ ಉಳಿಯಬಾರದೆಂದು ಸೆಲ್ವಿ ಎಲ್ಲವನ್ನೂ ಬಿಸಿನೀರಿನಲ್ಲಿ ನೆನೆಸಿ, ಒಗೆದು, ಮಡಿಚಿಟ್ಟಿದ್ದಳು. ರಾಧಾಮಣಿ ಒಂದೊಂದನ್ನೇ ಬಿಡಿಸಿ ಮುಖಕ್ಕೊತ್ತಿಕೊಂಡಳು. ಸೋಪಿನ ಪುಡಿಯ ವಾಸನೆ. ಕೊನೆಯದರಲ್ಲೂ ಅದೇ.

ಮರುವರ್ಷದ ಚಳಿಗಾಲಕ್ಕೆ ದುರ್ಮಾಂಸ ಮತ್ತೆ ಬೆಳೆದು ವಾಸನೆ ಹೋಯಿತು. ಬಂಗಾರಪೇಟೆಯ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಇನ್ನೊಂದ್ಸಲ ಆಪರೇಷನ್ ಮಾಡಿಸ್ಬೋದಮ್ಮ, ವಾಸನೆ ಬರುತ್ತೆ" ಎಂದರು.

"ಉಸ್ರಾಡಕ್ಕೆ ಏನಾದ್ರೂ ಕೊಡಿ ಸಾರ್. ವಾಸ್ನೆ ಬೇಡ" ಎಂದಳು ರಾಧಾಮಣಿ.