ಮಾಣಿಕಮ್ಮ ಟೀಚರರ ಏಳು ಕಿಲೋ ಬೆಕ್ಕು

ನಾನು ಬಾಡಿಗೆಗಿರುವ ಮನೆಯ ಒಡತಿಯ ಹೆಸರು ಮಾಣಿಕಮ್ಮ. ಭಂಕೂರಿನ ಅಂಗನವಾಡಿಯಲ್ಲಿ ಮೂವತ್ತು ವರ್ಷ ಟೀಚರ್ ಆಗಿದ್ದು ಹೋದ ವರ್ಷ ನಿವೃತ್ತರಾದವರು. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಅವರು ನನ್ನನ್ನು ಟೀಚರ್ ಎನ್ನುತ್ತಾರೆ, ನಾನೂ ಅವರನ್ನು ಟೀಚರ್ ಎನ್ನುತ್ತೇನೆ. ಬಾಗಿಲಲ್ಲಿ ಯಾರಾದರೂ 'ಟೀಚರ್‍ರೀ' ಎಂದು ಕೂಗಿದರೆ ಇಬ್ಬರೂ ತಿರುಗಿ ನೋಡುತ್ತೇವೆ. ಬೆಕ್ಕೂ ನೋಡುತ್ತದೆ. ಆ ಮನೆಗೆ ಟೀಚರನ್ನು ಹುಡುಕಿಕೊಂಡು ಬರುವವರು ಬರಿಗೈಯಲ್ಲಿ ಬರುವುದಿಲ್ಲ ಎಂದು ಅದಕ್ಕೆ ಗೊತ್ತು.

ಬೆಕ್ಕಿನ ಹೆಸರು ಛೋಟು. ಅಂಗನವಾಡಿಯ ಬೇಳೆ ಮೂಟೆಯ ಹಿಂದೆ ಸಿಕ್ಕಾಗ ಅಂಗೈಯಷ್ಟಿತ್ತು, ಹಾಗಾಗಿ ಆ ಹೆಸರು. ಈಗ ಅದು ಅಡುಗೆಮನೆಯ ಹೊಸ್ತಿಲ ಮೇಲೆ ಮಲಗಿದರೆ ಒಳಗಿದ್ದವರು ಒಳಗೇ, ಹೊರಗಿದ್ದವರು ಹೊರಗೇ. ಮನೆಯ ನೆಲ, ಗೋಡೆ, ಮಾಳಿಗೆ ಎಲ್ಲವೂ ಶಹಾಬಾದ್ ಕಲ್ಲು. ಬೇಸಿಗೆಯಲ್ಲಿ ತಂಪು ಕಲ್ಲಿಗೆ ಹೊಟ್ಟೆ ಹಚ್ಚಿ ಬಿದ್ದುಕೊಂಡರೆ ಅದು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಗುತ್ತಿತ್ತು. ಮೊದಲು ಮಾಳಿಗೆಯ ತುದಿಗೆ ಹೋಗಿ ಕೂರುತ್ತಿದ್ದ ಪ್ರಾಣಿ, ಈಗ ಮೊದಲನೆಯ ಮೆಟ್ಟಿಲನ್ನು ನೋಡಿ ಹಿಂದಕ್ಕೆ ಬರುತ್ತಿತ್ತು.

ಮಾಣಿಕಮ್ಮನವರ ಇಡೀ ಜೀವನ ತೂಕ ಏರಿಸುವುದರಲ್ಲಿ ಕಳೆದಿತ್ತು. ಅಂಗನವಾಡಿಯ ತೊಲೆಗೆ ಒಂದು ತೂಕದ ಕಾಟಾ ತೂಗುಬಿಟ್ಟಿದ್ದಾರೆ. ಅದಕ್ಕೆ ಚಡ್ಡಿಯಂಥ ಬಟ್ಟೆಯ ಜೋಲಿ. ಊರಿನ ಅರ್ಧ ಜನ ಒಂದಲ್ಲ ಒಂದು ಕಾಲದಲ್ಲಿ ಆ ಜೋಲಿಯಲ್ಲಿ ಕಾಲು ಬಡಿದು ಅತ್ತವರೇ. ತೂಕ ಸರಿಯಿದ್ದರೆ ಪಟ್ಟಿಯಲ್ಲಿ ಹಸಿರು, ಕಡಿಮೆಯಿದ್ದರೆ ಹಳದಿ, ಭಾಳ ಕಡಿಮೆಯಿದ್ದರೆ ಕೆಂಪು. ಏರಿದರೆ ಎಲ್ಲ ಮಕ್ಕಳೂ ಚಪ್ಪಾಳೆ ತಟ್ಟಬೇಕು, ಅದು ಅವರೇ ಹಾಕಿಕೊಟ್ಟ ಪದ್ಧತಿ. "ಕೆಂಪಿನ್ಯಾಗ ಒಂದು ಕೂಸ ಉಳೀತಂದ್ರ ನನಗ ಊಟ ಸೇರ್ತಿದ್ದಿಲ್ರೀ ಟೀಚರ್. ನನ್ನ ಕೈಯಾಗ ಬಂದವರು ಒಬ್ಬರೂ ಕೆಂಪಿನ್ಯಾಗ ಉಳಿದಿಲ್ಲ ನೋಡ್ರಿ" ಎಂದು ಅವರು ಎಷ್ಟು ಸಲ ಹೇಳಿದ್ದಾರೋ. ಅವರಿಗೆ ಇದ್ದ ಅಭಿಮಾನ ಇದೊಂದೇ. ಇಂಥವರ ಮನೆಯಲ್ಲಿ ಬೆಕ್ಕು ಬೇರೆ ಏನಾಗಲು ಸಾಧ್ಯವಿತ್ತು?

ಛೋಟು ಕುಂಟತೊಡಗಿದಾಗ ಅದನ್ನು ಬುಟ್ಟಿಯಲ್ಲಿ ಹಾಕಿಕೊಂಡು ಆಟೋದಲ್ಲಿ ಶಹಾಬಾದಿನ ಪಶು ಆಸ್ಪತ್ರೆಗೆ ಹೋದೆವು. ನಾನು ಹೋದದ್ದು ಬುಟ್ಟಿಯ ಇನ್ನೊಂದು ಕಿವಿ ಹಿಡಿಯಲಿಕ್ಕೆ. ಎಮ್ಮೆ, ಆಡು ನೋಡಿ ರೂಢಿಯಿದ್ದ ಡಾಕ್ಟರ್ ಸುರೇಶಕುಮಾರ ಬುಟ್ಟಿಯೊಳಗೆ ಇಣುಕಿದರು.

"ಗಬ್ಬ ಅದ ಏನ್ರೀ?"

"ಗಂಡು ಅದ್ರೀ" ಎಂದರು ಮಾಣಿಕಮ್ಮ.

ಡಾಕ್ಟರು ಮತ್ತೊಮ್ಮೆ ಇಣುಕಿದರು. ಆಮೇಲೆ ಕೈತೊಳೆದುಕೊಂಡು ಬಂದು ಕೂತು ನಿಧಾನವಾಗಿ ಹೇಳಿದರು: "ಹಿಂಗೇ ಬೆಳೀತಂದ್ರ ಸಕ್ಕರಿ ಬರ್ತದ, ಹಿಂದಿನ ಕಾಲು ಹೋಗ್ತಾವ. ಹೆಚ್ಚು ದಿನ ಬಾಳಂಗಿಲ್ಲ. ಹಾಲು ಬಂದ್, ರೊಟ್ಟಿ ಬಂದ್. ಕುದಿಸಿದ ಕೋಳಿ, ಉಪ್ಪಿಲ್ಲದ್ದು, ಅಳತಿ ಮಾಡಿ ಹಾಕ್ರಿ. ಆದ್ರ ಒಮ್ಮೆಲೆ ಉಪವಾಸ ಕೆಡವಬ್ಯಾಡ್ರಿ. ಇಂಥ ದಪ್ಪ ಬೆಕ್ಕು ಎರಡು ದಿನ ಬಾಯಿ ಮುಚ್ಚಿತಂದ್ರ ಲಿವರ್ ಕೆಟ್ಟು ಹೋಗ್ತದ."

ಅಂದರೆ ತಿಂದರೂ ಸಾಯುತ್ತದೆ, ತಿನ್ನದಿದ್ದರೂ ಸಾಯುತ್ತದೆ. ಮನೆ ಮುಟ್ಟಿ ಬುಟ್ಟಿ ಇಳಿಸಿದ ಮೇಲೆ ಮಾಣಿಕಮ್ಮ, "ನಾ ಹುಟ್ಟಿದಾಗಿಂದ ತೂಕ ಏರಿಸೀನಿ. ಇಳಿಸಿ ಗೊತ್ತಿಲ್ರೀ ಟೀಚರ್" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಬೆಕ್ಕು ಬುಟ್ಟಿಯಿಂದ ಹೊರಬಂದು ಅಡುಗೆಮನೆಗೆ ಹೋಯಿತು.

ಮರುದಿನದಿಂದ ಪಥ್ಯ ಶುರುವಾಯಿತು. ಉಪ್ಪಿಲ್ಲದ ಕೋಳಿಯನ್ನು ಎಳೆ ಎಳೆಯಾಗಿ ಬಿಡಿಸಿ ಮುಂದಿಟ್ಟರೆ ಛೋಟು ಅದನ್ನು ಮೂಸಿ, ಒಂದು ಕಾಗದ ಕಡಿಮೆಯಿರುವ ಅರ್ಜಿಯನ್ನು ಗುಮಾಸ್ತ ನೋಡುವ ಹಾಗೆ ನೋಡಿ, ಮುಖ ತಿರುಗಿಸಿತು. ಬಿಸಿ ಮಾಡಿ ಕೊಟ್ಟರೆ ಬೇಡ. ಆರಿಸಿ ಕೊಟ್ಟರೆ ಬೇಡ. ತಟ್ಟೆ ಬದಲಿಸಿದರೆ ತಟ್ಟೆಯನ್ನು ಮೂಸಿ ಹೋಯಿತು. ಕಡೆಗೆ ಮಾಣಿಕಮ್ಮ ನೆಲಕ್ಕೆ ಕೂತು, ಹಟಮಾರಿ ಮಕ್ಕಳಿಗೆ ಉಣ್ಣಿಸುವಾಗಿನ ರಾಗದಲ್ಲಿ ಹಾಡುತ್ತ ಬೆರಳಲ್ಲಿ ಒಂದೊಂದೇ ಎಳೆ ಹಿಡಿದರೆ, ಹಾಡು ಮುಗಿಯುವವರೆಗೆ ತಿನ್ನುತ್ತಿತ್ತು. ನಿಲ್ಲಿಸಿದರೆ ಅದೂ ನಿಲ್ಲಿಸುತ್ತಿತ್ತು. ಮುಂಜಾನೆ ಏಳಕ್ಕೆ ಪಕ್ಕದ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಆ ಹಾಡು ಕೇಳಿದವರ ಸ್ಥಿತಿಯನ್ನು ಯಾರೂ ವಿಚಾರಿಸಲಿಲ್ಲ.

ಓಡಾಡಿಸಲಿಕ್ಕೆಂದು ತಟ್ಟೆಯನ್ನು ಮಾಳಿಗೆಯ ಮೆಟ್ಟಿಲ ತುದಿಯಲ್ಲಿಟ್ಟರು. ಛೋಟು ಕೆಳಗೆ ಕೂತು ಮೇಲೆ ನೋಡಿ ಕೂಗಿತು. ಕೂಗುತ್ತಲೇ ಇತ್ತು. ಕೊನೆಗೆ ಮಾಣಿಕಮ್ಮನೇ ಹತ್ತಿ ಹೋಗಿ ತಟ್ಟೆ ಇಳಿಸಿ ತಂದರು. ಹೀಗೆ ಒಂದು ವಾರ ಮೆಟ್ಟಿಲು ಹತ್ತಿಳಿದದ್ದರಿಂದ ಅವರ ಮೊಣಕಾಲು ಊದಿಕೊಂಡಿತು.

ಪ್ರತಿ ಸೋಮವಾರ ಅಂಗನವಾಡಿಯಲ್ಲಿ ತೂಕ. ಅಲ್ಲಿ ಈಗಿರುವ ಟೀಚರ್ ಲುಂಬಿನಿ, ಇದೇ ಜೋಲಿಯಲ್ಲಿ ತೂಗಿಸಿಕೊಂಡು ಬೆಳೆದ ಹುಡುಗಿ. "ಜೈಭೀಮ್‍ರೀ ಟೀಚರ್, ಬರ್ರಿ, ಕುಂದ್ರಿ" ಎಂದು ಕುರ್ಚಿ ಕೊಟ್ಟು, ಬೆಕ್ಕನ್ನು ಜೋಲಿಗೆ ಇಳಿಸುತ್ತಿದ್ದಳು. ಬೆಕ್ಕು ನಾಲ್ಕು ಕಾಲು ಜೋತುಬಿಟ್ಟು ಸುಮ್ಮನೆ ತೂಗುತ್ತಿತ್ತು. ಮೊದಲ ಸೋಮವಾರ ಏಳು ಕಿಲೋ. ಮೂರನೆಯ ಸೋಮವಾರ ಅದಕ್ಕಿಂತ ಕಾಲು ಕಿಲೋ ಮೇಲೆ. ಮಕ್ಕಳೆಲ್ಲ ಖುಷಿಯಿಂದ ಚಪ್ಪಾಳೆ ತಟ್ಟಿದರು. ಏರುವುದೂ ಕೆಟ್ಟದ್ದಾಗಬಹುದೆಂದು ಅವರಿಗೆ ಯಾರೂ ಕಲಿಸಿರಲಿಲ್ಲ.

ಅಂದು ಸಂಜೆ ಮಾಣಿಕಮ್ಮ ನನ್ನ ಬಾಗಿಲಿಗೆ ಬಂದರು. "ಸಿಟ್ಟಾಗಬ್ಯಾಡ್ರಿ ಟೀಚರ್. ನಿಮ್ಮ ಮನ್ಯಾಗ ದೇವರಿಗಿ ಹಾಲು, ತುಪ್ಪ ಇಡ್ತೀರಲ್ಲ..."

ಸಿಟ್ಟಾಗಬೇಡಿ ಎಂದವರ ಮೇಲೆ ನನಗೆ ತಕ್ಷಣ ಸಿಟ್ಟು ಬರುತ್ತದೆ. ಸೇಡಂನಲ್ಲಿ ನಮ್ಮ ತಾಯಿ ಜಾನಕೀಬಾಯಿಗೂ ಹೀಗೇ. "ನಿಮ್ಮ ಛೋಟು ನಮ್ಮ ನೈವೇದ್ಯ ಮೂಸಿ ಸುದ್ದಾ ನೋಡಂಗಿಲ್ರೀ! ಒಮ್ಮೆ ಹುಗ್ಗಿ ಹಾಕಿದ್ದಕ್ಕ ಮಣ್ಣು ಎಳದು ಮುಚ್ಚಲಿಕ್ಕಿ ಹೋಗಿತ್ತು. ನಮ್ಮ ಮನಿ ಅಡಗಿಗಿ ಅಷ್ಟು ಅಪಮಾನ ಯಾರೂ ಮಾಡಿಲ್ಲ!" ಎಂದೆ.

ಅವರು ನಂಬಿದರು. ಅಡುಗೆಯ ವಿಷಯದಲ್ಲಿ ಬೆಕ್ಕಿನ ಅಭಿಪ್ರಾಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹೊಸ್ತಿಲ ಮೇಲೆ ಕೂತು ಬಹಳ ಹೊತ್ತು ಯೋಚಿಸಿದರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವಂತೆ ಮಾತಾಡಿದರು. ಅಂಗನವಾಡಿಯಿಂದ ಕೂಸಿನ ಪಾಲಿನ ಹಿಟ್ಟು, ತತ್ತಿ ಮನೆಗೆ ಹೋಗುತ್ತದೆ. ಆದರೂ ಕೂಸು ಏರುವುದಿಲ್ಲ. ಆಗ ಕೂಸನ್ನು ಬೈದು ಉಪಯೋಗವಿಲ್ಲ, ತಾಯಿಯನ್ನು ಕೇಳಿದರೂ ಹೇಳುವುದಿಲ್ಲ. ಊಟದ ಹೊತ್ತಿಗೆ ಹೇಳದೆ ಕೇಳದೆ ಆ ಮನೆಗೆ ಹೋಗಬೇಕು. ಕೂಸಿನ ಪಾಲು ಯಾರ ಹೊಟ್ಟೆಗೆ ಹೋಗುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ.

"ಇದು ಏರಾಕತ್ತದಂದ್ರ, ಯಾರದೋ ಪಾಲು ತಿನ್ನಾಕತ್ತದ" ಎಂದರು. ಆ ಮನೆಯಲ್ಲಿ ಪಾಲು ಇರುವುದು ಇಬ್ಬರಿಗೆ ಮಾತ್ರ. ಒಬ್ಬರು ಅವರು. ಇನ್ನೊಬ್ಬರು ಅವರ ಗಂಡ ಲಾಲಪ್ಪ.

ಲಾಲಪ್ಪನವರು ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸಿ ದುಡಿದವರು. ಮಾತು ಕಡಿಮೆ. ಮಾಣಿಕಮ್ಮ ನಿವೃತ್ತರಾದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ಗಂಡನನ್ನು ಕಲಬುರಗಿಗೆ ಕರೆದುಕೊಂಡು ಹೋಗಿ ಹಲ್ಲಿನ ಸೆಟ್ ಕಟ್ಟಿಸಿದ್ದು. ಓಣಿಯವರಿಗೆಲ್ಲ ಆ ಹಲ್ಲು ತೋರಿಸಿದ್ದರು. ನನಗೆ ಎರಡು ಸಲ ತೋರಿಸಿದ್ದರು. ಅವತ್ತಿನಿಂದ ಲಾಲಪ್ಪ ದಿನಾ ಮಧ್ಯಾಹ್ನ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಊಟಕ್ಕೆ ಕೂರುತ್ತಿದ್ದರು, ಪಕ್ಕದಲ್ಲಿ ಬೆಕ್ಕು. ಒಳಗೆ ಮಾಣಿಕಮ್ಮ ಒಲೆಯ ಮುಂದೆ. ಬಿಸಿ ರೊಟ್ಟಿ ಒಂದೊಂದಾಗಿ ಬರುತ್ತಿತ್ತು, ತಟ್ಟೆ ಸ್ವಚ್ಛವಾಗಿ ಒಳಗೆ ಹೋಗುತ್ತಿತ್ತು.

ಮರುದಿನ ಭಾನುವಾರವೂ ಅಲ್ಲ, ಹಬ್ಬವೂ ಅಲ್ಲ, ಆದರೂ ನಾನು ಅರ್ಧ ದಿನ ರಜೆ ಹಾಕಿದೆ. ಕಾರಣ ಬರೆಯುವಲ್ಲಿ ಮನೆಗೆಲಸ ಎಂದು ಬರೆದೆ. ಮಾಣಿಕಮ್ಮ ಗಂಡನಿಗೆ ಎರಡು ರೊಟ್ಟಿ, ಬೇಳೆ, ಒಂದು ಬಟ್ಟಲು ಹಾಲು ಕೊಟ್ಟು, ಮೂರನೆಯ ರೊಟ್ಟಿ ಹಂಚಿನ ಮೇಲೆ ಹಾಕಿದರು. ಅದನ್ನು ಹಾಗೆಯೇ ಬಿಟ್ಟು, ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಮನೆ ಸುತ್ತಿಕೊಂಡು ಮುಂಬಾಗಿಲಿಗೆ ಬಂದರು. ಅಲ್ಲಿ ನಾನಿದ್ದೆ. ಇಬ್ಬರೂ ಒಳಗೆ ಹೋದೆವು.

ಲಾಲಪ್ಪ ಹಲ್ಲಿನ ಸೆಟ್ ತೆಗೆದು ನೀರಿನ ತಂಬಿಗೆಯ ಪಕ್ಕ ಇಟ್ಟುಕೊಂಡಿದ್ದರು. ಹಾಲಿನಲ್ಲಿ ನೆನೆಸಿದ ರೊಟ್ಟಿಯ ತುತ್ತು ಅವರ ಕೈಯಲ್ಲಿತ್ತು. ಛೋಟು ಬಾಯಿ ತೆರೆದಿತ್ತು. ನಮ್ಮನ್ನು ನೋಡಿಯೂ ಅದು ಬಾಯಿ ಮುಚ್ಚಲಿಲ್ಲ, ತುತ್ತು ಇನ್ನೂ ಬರಬೇಕಿತ್ತಲ್ಲ. ಒಳಗಿನಿಂದ ರೊಟ್ಟಿ ಸೀದ ವಾಸನೆ ಬಂತು. ಯಾರೂ ಅತ್ತ ಹೋಗಲಿಲ್ಲ.

"ಎಷ್ಟು ದಿನದಿಂದ?" ಎಂದರು ಮಾಣಿಕಮ್ಮ.

ಲಾಲಪ್ಪ ತುತ್ತು ಕೆಳಗಿಟ್ಟರು. "ಒಸಡಿಗಿ ಒತ್ತತದ. ರೊಟ್ಟಿ ಅಗದ್ರ ಜೀವ ಹೋದಂಗ ಆಗ್ತದ. ಚಾದಾಗ ಬಿಸ್ಕೀಟು ಎದ್ದಿ ತಿಂತೀನಿ ಕರೀಮನ ಅಂಗಡ್ಯಾಗ. ನಡೀತದ."

"ಹಲ್ಲಿನ ಡಾಕ್ಟರ್, 'ಒತ್ತಿದ್ರ ಬರ್ರಿ, ಸರಿ ಮಾಡ್ತೀನಿ' ಅಂದಿದ್ರಲ್ಲ. ನನಗ ಯಾಕ ಹೇಳಲಿಲ್ರೀ?"

ಲಾಲಪ್ಪ ಹಲ್ಲಿನ ಸೆಟ್ಟನ್ನು ತಂಬಿಗೆಯ ಹಿಂದಕ್ಕೆ ಸರಿಸಿದರು. "ಮೂವತ್ತು ವರ್ಷ ಊರ ಮಕ್ಕಳಿಗಿ ಉಣ್ಣಿಸಿದಿ. ಈಗ ರಿಟೈರ್ ಆಗಿ ಕುಂತೀದಿ. ಮತ್ತೊಂದು ಕೂಸ ನಿನ್ನ ಉಡ್ಯಾಗ ಯಾಕ ಹಾಕಬೇಕು ಅಂತ ಸುಮ್ಮನಿದ್ದೆ."

ಮಾಣಿಕಮ್ಮ ಅವರ ಪಕ್ಕ ಕೂತು, ಅಂಗನವಾಡಿಯಲ್ಲಿ ಮಕ್ಕಳಿಗೆ ಮಾಡುವಂತೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಗಂಡನ ತೋಳು ಹಿಡಿದು ನೋಡಿದರು. ದೊಗಲೆ ಅಂಗಿಯೊಳಗೆ ತೋಳು ಎಲ್ಲಿದೆ ಎಂದು ಹುಡುಕಬೇಕಾಯಿತು. ನಲವತ್ತು ವರ್ಷ ಗಂಡನಿಗೆ 'ರೀ' ಹಚ್ಚದೆ ಮಾತಾಡದ ಹೆಂಗಸು ಆ ಮಧ್ಯಾಹ್ನ, "ಬಾಯಿ ತೆಗಿ" ಎಂದರು. ಲಾಲಪ್ಪ ಬಾಯಿ ತೆಗೆದರು. ಒಸಡಿನ ಹುಣ್ಣು ನನಗೂ ಕಂಡಿತು. ನಾನು ಒಳಗೆ ಹೋಗಿ ಒಲೆ ಆರಿಸಿದೆ. ನನಗೆ ಅಳು ಬಂದಿತ್ತು, ಅದನ್ನು ಹೊಗೆಯ ಮೇಲೆ ಹಾಕಿದೆ.

ಅಂಗನವಾಡಿಯ ಕಾಟಾ ದೊಡ್ಡವರ ಭಾರ ತಡೆಯುವುದಿಲ್ಲ. ಹಾಗಾಗಿ ಓಣಿಯ ತುದಿಯಲ್ಲಿ ತೊಗರಿ ಖರೀದಿ ಮಾಡುವ ಅಬ್ದುಲ್ ಕರೀಮರ ಅಂಗಡಿಗೆ ಹೋದೆವು. ಚೀಲ ತೂಗುವ ಕಾಟಾದ ಮೇಲೆ ಲಾಲಪ್ಪ ಕೂತರು. ಕರೀಮರು ಮುಳ್ಳು ನೋಡಿ, "ಅರೇ ಲಾಲಪ್ಪಣ್ಣ, ಐವತ್ತು ಕಿಲೋದ ತೊಗರಿ ಚೀಲಕ್ಕಿಂತ ಹಗುರ ಆಗೀಯಲ್ಲೋ!" ಎಂದರು. ನಗೆಯಾಡಲಿಕ್ಕೆ ಹೇಳಿದವರು ಅರ್ಧಕ್ಕೇ ನಿಲ್ಲಿಸಿದರು. ಇಷ್ಟು ದಿನ ಚಹಾದಲ್ಲಿ ಬಿಸ್ಕೀಟು ಎದ್ದುತ್ತಿದ್ದವರನ್ನು ಅವರೂ ನೋಡಿದ್ದರು.

"ಕೆಂಪು" ಎಂದರು ಮಾಣಿಕಮ್ಮ.

ಮರುದಿನವೇ ಕಲಬುರಗಿಗೆ ಹೋಗಿ ಸೆಟ್ ಸರಿ ಮಾಡಿಸಿಕೊಂಡು ಬಂದರು. ಹುಣ್ಣು ಮಾಯುವವರೆಗೆ ಲಾಲಪ್ಪನಿಗೆ ಗೋಧಿ, ಹೆಸರು, ಶೇಂಗಾ ಹುರಿದು ಬೀಸಿದ ಹಿಟ್ಟಿನ ಗಂಜಿ, ಬೆಲ್ಲ ಹಾಕಿ. ಅವರು ಬೇಡವೆಂದು ಮುಖ ತಿರುಗಿಸಿದರೆ ಮಾಣಿಕಮ್ಮ ಅದೇ ಹಾಡು ಶುರು ಮಾಡುತ್ತಿದ್ದರು. ಲಾಲಪ್ಪ ಹಾಡು ನಿಲ್ಲಲಿ ಎಂದೇ ಬೇಗ ಬೇಗ ಉಣ್ಣುತ್ತಿದ್ದರೆಂದು ನನ್ನ ಅನುಮಾನ. ಊಟದ ಹೊತ್ತಿನಲ್ಲಿ ಬೆಕ್ಕನ್ನು ನನ್ನ ಕೋಣೆಯಲ್ಲಿ ಕೂಡಿಹಾಕುವ ಏರ್ಪಾಟಾಯಿತು. ನಾನು ಮನೆಯಲ್ಲಿದ್ದ ದಿನ ಅದು ನನ್ನ ಉತ್ತರಪತ್ರಿಕೆಗಳ ಮೇಲೆ ಕೂತು ನನ್ನನ್ನು ದ್ವೇಷದಿಂದ ನೋಡುತ್ತಿತ್ತು. ಎರಡು ವಾರಕ್ಕೆ ಉಪ್ಪಿಲ್ಲದ ಕೋಳಿಯನ್ನು ಹಾಡಿಲ್ಲದೆಯೂ ತಿನ್ನತೊಡಗಿತು. ಇನ್ನೊಂದು ತಿಂಗಳಿಗೆ ಮೂರು ಮೆಟ್ಟಿಲು ಹತ್ತಿ, ನಾಲ್ಕನೆಯದರ ಮೇಲೆ ದಣಿವಾರಿಸಿಕೊಳ್ಳಲು ಮಲಗಿತು.

ಈಗ ಸೋಮವಾರ ಎರಡು ಕಡೆ ತೂಕ. ಮೊದಲು ಅಂಗನವಾಡಿಯಲ್ಲಿ ಛೋಟು. ಇಳಿದರೆ ಚಪ್ಪಾಳೆ ತಟ್ಟಬೇಕೆಂದು ಲುಂಬಿನಿ ಮಕ್ಕಳಿಗೆ ಹೇಳಿಕೊಟ್ಟಿದ್ದಾಳೆ. ಮಕ್ಕಳು ಗೊಂದಲದಲ್ಲಿಯೇ ತಟ್ಟುತ್ತಾರೆ. ಅಲ್ಲಿಂದ ಬುಟ್ಟಿ ಹೊತ್ತುಕೊಂಡು ಕರೀಮರ ಅಂಗಡಿಗೆ.

ಹೋದ ಸೋಮವಾರ ಲಾಲಪ್ಪ ಕಾಟಾದ ಮೇಲೆ ಕೂತಾಗ ಮುಳ್ಳು ಚೀಲದ ತೂಕ ದಾಟಿ ಒಂದು ಗೆರೆ ಮೇಲೆ ನಿಂತಿತು. ಹಮಾಲರು ಚೀಲ ಹೊತ್ತು ನಿಂತಿದ್ದರು, ಬಜಾರಿನ ಹೊತ್ತು. ಮಾಣಿಕಮ್ಮ ಯಾರನ್ನೂ ನೋಡದೆ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟತೊಡಗಿದರು. ಕರೀಮರು ತಟ್ಟಿದರು. ನಡುಬಜಾರಿನಲ್ಲಿ ನಿಂತು ಹೈಸ್ಕೂಲ್ ಟೀಚರಾದ ನಾನೂ ತಟ್ಟಿದೆ. ಲಾಲಪ್ಪ ತಲೆ ತಗ್ಗಿಸಿ ಕೂತಿದ್ದವರು ಮೆಲ್ಲಗೆ ಮುಖ ಎತ್ತಿ, ಆ ಸೆಟ್ ಹಾಕಿಕೊಂಡ ಮೇಲೆ ಮೊದಲ ಸಲ, ಎಲ್ಲ ಹಲ್ಲೂ ಕಾಣುವಂತೆ ನಕ್ಕರು.

ಚಪ್ಪಾಳೆ ಕೇಳಿ ಛೋಟು ಬುಟ್ಟಿಯಿಂದ ತಲೆ ಹೊರಹಾಕಿ ಬಾಯಿ ತೆರೆಯಿತು. ಯಾರೂ ಅದಕ್ಕೆ ಏನೂ ಕೊಡಲಿಲ್ಲ.